ಮರದ ಕೆಳಗೆ ಹಾಕಿದ ಫರ್ನ್ ಒಣಗ್ತಿದೆ, ಎಲೆ ಹಿಂದೆ ಕಂದು ಚುಕ್ಕೆ ಬೇರೆ, ಏನ್ ಮಾಡ್ಲಿ?

ಪ್ರಶ್ನೆ:
ದೊಡ್ಡ ಮರದ ಕೆಳಗೆ ಬಿಸಿಲೇ ಬೀಳದ ಜಾಗ ಇದೆ, ಅಲ್ಲಿ ಹೋದ ವರ್ಷ ಮೂರು ಥರ ಫರ್ನ್ ಹಾಕ್ದೆ, ಜಪಾನೀಸ್ ಪೇಂಟೆಡ್ ಫರ್ನ್, ಲೇಡಿ ಫರ್ನ್, ಆಮೇಲೆ ಒಂದು ಮೇಲ್ ಫರ್ನ್. ಮೊದಲೆರಡರ ಎಲೆ ಅಂಚು ಒಣಗಿ ಮುಟ್ಟಿದ್ರೆ ಪುಡಿ ಆಗ್ತಿದೆ. ಮೇಲ್ ಫರ್ನ್ ಚೆನ್ನಾಗಿತ್ತು, ಇವತ್ತು ಎಲೆ ತಿರುಗಿಸಿ ನೋಡಿದ್ರೆ ಹಿಂದೆಲ್ಲ ಸಾಲುಸಾಲಾಗಿ ಕಂದು ಚುಕ್ಕೆ. ಹುಳನಾ, ರೋಗನಾ? ಔಷಧಿ ಹೊಡೀಬೇಕಾ? ತುಂಬಾ ಆಸೆಪಟ್ಟು ಹಾಕಿರೋ ಗಿಡ, ಕಳ್ಕೊಳ್ಳೋಕೆ ಮನಸ್ಸಿಲ್ಲ.

ಉತ್ತರ 1:
ದಯವಿಟ್ಟು ಏನೂ ಹೊಡೀಬೇಡಿ! ಅದು ಸೋರೈ, ಅಂದ್ರೆ ಬೀಜಕಣದ ಗೊಂಚಲು. ಫರ್ನ್‌ಗೆ ಹೂವೂ ಇಲ್ಲ ಬೀಜಾನೂ ಇಲ್ಲ, ಅದರ ಸಂತಾನ ಎಲ್ಲ ಇದರಿಂದ್ಲೇ. ಭೂತಗನ್ನಡಿ ಹಿಡಿದು ನೋಡಿ, ಒಂದೊಂದು ಚುಕ್ಕೆ ಮೇಲೂ ಕಿಡ್ನಿ ಆಕಾರದ ಪುಟ್ಟ ಮುಚ್ಚಳ ಕಾಣತ್ತೆ, ಬಲಿತ ಮೇಲೆ ಅದು ಮುದುರಿಕೊಂಡು ಕಂದು ಪುಡಿ ಉದುರತ್ತೆ, ನೋಡೋಕೇ ಖುಷಿ. ಸ್ಕೇಲ್ ಹುಳ ಆಗಿದ್ರೆ ದಂಟಿನ ಮೇಲೂ ಅಡ್ಡಾದಿಡ್ಡಿ ಅಂಟ್ಕೊಂಡಿರತ್ತೆ, ಉಗುರಲ್ಲಿ ಕೆರೆದ್ರೆ ಚಿಪ್ಪು ಎದ್ದು ಬರತ್ತೆ.

ಉತ್ತರ 2:
ಚುಕ್ಕೆ ಬಿಡಿ, ನಂಗೆ ಚಿಂತೆ ಆಗಿರೋದು ಒಣಗಿರೋ ಅಂಚು. ನೆರಳಿದ್ದ ಕಡೆ ತೇವ ಇದ್ದೇ ಇರತ್ತೆ ಅಂದ್ಕೊಳ್ತೀವಿ, ಆದ್ರೆ ಮರದ ಕೊಂಬೆ ಮಳೆ ತಡೆಯತ್ತೆ, ಬಿದ್ದ ಅಷ್ಟು ಇಷ್ಟನ್ನ ಬೇರು ಹೀರ್ಕೊಂಡ್ಬಿಡತ್ತೆ. ಮೇಲ್ ಫರ್ನ್ ಒಣ ನೆರಳನ್ನೂ ತಡ್ಕೊಳತ್ತೆ, ಲೇಡಿ ಮತ್ತು ಪೇಂಟೆಡ್ ತಡ್ಕೊಳಲ್ಲ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ರೆ ಬುಡಕ್ಕೆ ನಿಧಾನಕ್ಕೆ ತುಂಬಾ ನೀರು ಕೊಡಿ, ಮೇಲೆ ಕೊಳೆತ ಎಲೆಗೊಬ್ಬರ 5 ಸೆಂ.ಮೀ. ಹರಡಿ. ಗಿಡದ ನೆತ್ತಿ, ಅಂದ್ರೆ ಬುಡದಲ್ಲಿ ಎಲೆ ಹುಟ್ಟೋ ಜಾಗ, ಅದನ್ನ ಮಾತ್ರ ಮುಚ್ಚಬೇಡಿ, ಕೊಳೆಯತ್ತೆ. ರಾಸಾಯನಿಕ ಗೊಬ್ಬರ ಜಾಸ್ತಿ ಆದ್ರೂ ಬೇರು ಸುಡತ್ತೆ. ಪೇಂಟೆಡ್‌ನ ಬೆಳಗಿನ ಎಳೆ ಬಿಸಿಲು ಸ್ವಲ್ಪ ಬೀಳೋ ಕಡೆ ಸರಿಸಿದ್ರೆ ಆ ಬೆಳ್ಳಿ ಬಣ್ಣ, ನೇರಳೆ ನರ ಎದ್ದು ಕಾಣತ್ತೆ.

ಪ್ರಶ್ನೆ ಕೇಳಿದವರು:
ಬೆರಳಿಗೆ ಬರೀ ಧೂಳು ಬಂತು! ಲೇಡಿ ಫರ್ನ್ ನೆತ್ತಿ ಮೇಲೂ ನಾನೇ ಮಣ್ಣು ಏರಿಸಿದ್ದೆ. ಒಣಗಿದ ಎಲೆ ಈಗ್ಲೇ ಕತ್ತರಿಸ್ಲಾ?

ಉತ್ತರ 3:
ಬೇಡ, ಚಳಿಗಾಲ ಕಳೀಲಿ. ಹಳೆ ಎಲೆ ನೆತ್ತಿಗೆ ಹೊದಿಕೆ ಇದ್ದಂಗೆ. ಹೊಸ ಸುರುಳಿ ಬಿಚ್ಚೋಕೆ ಮುಂಚೆ ಕತ್ತರಿಸಿ, ತಡ ಮಾಡಿದ್ರೆ ಕತ್ತರಿ ಚಿಗುರಿಗೇ ತಾಗತ್ತೆ.

ಪ್ರಶ್ನೆ ಕೇಳಿದವರು:
ಮಣ್ಣು ಕೈಯಲ್ಲೇ ಸರಿಸ್ದೆ. ಒಳಗೆ ಕಂದು ಹೊಟ್ಟು ಹೊದ್ಕೊಂಡು ನಾಲ್ಕು ಸುರುಳಿ ಮೊಗ್ಗು ಗಟ್ಟಿಯಾಗಿ ಕೂತಿವೆ, ಕೊಳೆತಿಲ್ಲ!