‘ಬರಬಹುದು’ ಅಂದರೆ ರೂಪಾಯಿಗೆ ಎಷ್ಟಾಣೆ?

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಒಂದು ಪ್ರಶ್ನೆ. ‘ಬಹುಶಃ’, ‘ಬರಬಹುದು’, ‘ಸಾಧ್ಯತೆ ಇದೆ’, ‘ಅನುಮಾನ’ ಇವನ್ನು ಕೇಳಿದಾಗ ನಿಮ್ಮ ತಲೆಯಲ್ಲಿ ನೂರಕ್ಕೆ ಎಷ್ಟು ಅಂತ ಮೂಡುತ್ತದೆ? ನಿಘಂಟಿನ ಅರ್ಥ ಬೇಡ, ಬಳಕೆ ಹೇಳಿ.

ಕೇಳಲು ಕಾರಣವಿದೆ. ಮುಳಬಾಗಿಲು ಕಡೆ ನಮ್ಮ ಭಾವನ ತೋಟದಲ್ಲಿ ಬೋರ್ ಕೊರೆಸುವ ಮಾತು ನಡೆದಿದೆ. ಇಲ್ಲಿ ಸಾವಿರ ಅಡಿ ದಾಟುವುದು ಮಾಮೂಲಿ, ಒಂದು ಬೋರ್ ಅಂದರೆ ಒಂದು ಸಾಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ‘ನೀರು ಬರಬಹುದು’ ಅಂದರು. ಮೆಷಿನ್ ತಂದ ಭೂವಿಜ್ಞಾನಿಯೂ ‘ಬರಬಹುದು’ ಅಂದರು. ಬೋರ್ ಲಾರಿ ಏಜೆಂಟ್ ಕೂಡ ಅದನ್ನೇ ಅಂದರು. ಮೂವರದೂ ಒಂದೇ ಮಾತು ಅಂತ ಭಾವನಿಗೆ ಖುಷಿ. ಅಕ್ಕ ಮಾತ್ರ ಮೂವರಿಗೂ ಫೋನ್ ಮಾಡಿ, ‘ಬರಬಹುದು ಅಂದರೆ ರೂಪಾಯಿಗೆ ಎಷ್ಟಾಣೆ?’ ಅಂತ ಕೇಳಿದಳು. ತೆಂಗಿನಕಾಯಿಯವರು ಹದಿನಾರಾಣೆ ಅಂದರು. ಭೂವಿಜ್ಞಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು ಐದಾಣೆ ಅಂದರು. ಏಜೆಂಟ್ ನಕ್ಕುಬಿಟ್ಟರು.

ಬೇಹುಗಾರಿಕೆ ವರದಿ ಬರೆಯುವವರಿಗೂ ಇದೇ ತಾಪತ್ರಯ. 1951ರಲ್ಲಿ ಸಿಐಎ ವರದಿಯೊಂದು, ಆ ವರ್ಷ ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆ ಎಂದಿತು. ಅದರ ಹಿಂದಿದ್ದ ಶರ್ಮನ್ ಕೆಂಟ್ ಮನಸ್ಸಿನಲ್ಲಿದ್ದದ್ದು ನೂರಕ್ಕೆ 65. ಓದಿದ ಅಧಿಕಾರಿ ತುಂಬಾ ಕಡಿಮೆ ಅಂದುಕೊಂಡಿದ್ದರು. ಸರಿ ಅಂತ ಕೆಂಟ್ ತಮ್ಮ ಜೊತೆಯವರನ್ನೇ ಕೇಳಿದರು. ಆ ಪದಕ್ಕೆ ಒಪ್ಪಿ ತಲೆಯಾಡಿಸಿದ್ದವರಲ್ಲೇ ಒಬ್ಬರ ಲೆಕ್ಕ 20, ಇನ್ನೊಬ್ಬರದು 80! ಕೊನೆಗೆ 1964ರಲ್ಲಿ ಅವರು ಪದಗಳಿಗೆ ಅಂಕಿ ಕಟ್ಟಿ ಬರೆದರು. ಹೆಚ್ಚೂಕಮ್ಮಿ ಖಚಿತ ಅಂದರೆ 93, ಆಗುವ ಸಂಭವ ಅಂದರೆ 75, ಸಮಸಮ 50, ಆಗಲಿಕ್ಕಿಲ್ಲ 30, ಆಗುವುದೇ ಇಲ್ಲ ಅನ್ನುವಷ್ಟು 7. ಎಲ್ಲಕ್ಕೂ ಆಚೀಚೆ ಸ್ವಲ್ಪ ಸಡಿಲ ಉಂಟು.

ಇದನ್ನು ಆಣೆಗೆ ಇಳಿಸಿ ನೋಡಿ: 15, 12, 8, 5, 1. ಅಳೆದು ಹೊಲಿಸಿದ ಹಾಗೆ ಕೂರುತ್ತದೆ. 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕ ಹೋದರೂ ‘ಹದಿನಾರಾಣೆ ನಿಜ’, ‘ಈ ಸಲ ರಾಗಿ ಎಂಟಾಣೆ’ ಅನ್ನುವುದು ಹೋಗಿಲ್ಲ. ಕಂದಾಯದವರ ಆಣೆವಾರಿಯೂ ಇದೇ ಬಗೆ. ಆದರೆ ಅದು ಬೆಳೆ ಎಷ್ಟು ಅನ್ನುವ ಅಳತೆ. ಅಕ್ಕನ ಹಾಗೆ ‘ಹನ್ನೆರಡಾಣೆ ಬರ್ತಾನೆ’ ಅಂತ ಸಂಭವಕ್ಕೂ ಬಳಸುವುದನ್ನು ತುಮಕೂರು, ಚಿಕ್ಕಬಳ್ಳಾಪುರದ ಕಡೆ ಕೇಳಿದ್ದೀರಾ?

‘ಅನುಮಾನ’ದ್ದು ಇನ್ನೂ ಗೋಜಲು. ‘ಅವನೇ ತೆಗೆದಿದ್ದಾನೆ ಅಂತ ಅನುಮಾನ’ ಅಂದರೆ ಹೌದಿನ ಕಡೆ ವಾಲುತ್ತದೆ. ‘ಅವನು ಬರೋದು ಅನುಮಾನ’ ಅಂದರೆ ಇಲ್ಲದ ಕಡೆ. ತರ್ಕಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿ ಇದೆ ಅನ್ನುವುದೇ ಅನುಮಾನ, ಅಲ್ಲಿ ಸಂದೇಹಕ್ಕೆ ಜಾಗವೇ ಇಲ್ಲ. ದುಡ್ಡು ಸುರಿಯುವ ವಿಷಯದಲ್ಲಿ ಈ ಪದ ಬೇಡವೇ ಬೇಡ ಅನ್ನುತ್ತೇನೆ. ‘ಗುಮಾನಿ’ ವಾಸಿ, ಅದು ಯಾವಾಗಲೂ ಹೌದಿನ ಕಡೆಗೇ ಅಲ್ವಾ?

ಬೇಹುಗಾರಿಕೆ ವರದಿಗಳಲ್ಲಿ ಇನ್ನೊಂದು ಕಟ್ಟುನಿಟ್ಟಿದೆ. ಆಗುವ ಸಂಭವ ಎಷ್ಟು ಅನ್ನುವುದು ಬೇರೆ, ಹಾಗೆ ಹೇಳಲು ಆಧಾರ ಎಷ್ಟು ಗಟ್ಟಿ ಅನ್ನುವುದು ಬೇರೆ. ಈ ಎರಡನೆಯದಕ್ಕೆ ಒಂದೇ ಪದ ಬೇಕು. ‘ಭರವಸೆ’ ಚುನಾವಣೆಯವರ ಪಾಲಾಯಿತು. ‘ಖಾತ್ರಿ’ ಆದೀತೇ? ಆಧಾರ ತೋರಿಸಲು ನಮ್ಮ ಕ್ರಿಯಾಪದ ಚೆನ್ನಾಗಿದೆ: ಬಂತು, ಬಂತಂತೆ, ಬಂದಿರಬೇಕು. ಕಂಡದ್ದು, ಕೇಳಿದ್ದು, ಊಹಿಸಿದ್ದು. ‘ಪಕ್ಕದ ತೋಟದಲ್ಲಿ ಎರಡಿಂಚು ನೀರು ಬಂತು’ ಅಂತ ಭಾವ ಹೇಳುತ್ತಲೇ ಇದ್ದರು. ಕೆದಕಿದರೆ ಅದು ‘ಬಂತಂತೆ’. ಅದೇ ತೋಟದ ಬದುವಿನಲ್ಲಿ ಚಪ್ಪಡಿ ಮುಚ್ಚಿದ ಫೇಲ್ ಬೋರುಗಳು ಮಾತ್ರ ಕಣ್ಣಾರೆ ಕಂಡದ್ದು. ಅವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಊಹೆಗೆ ಒತ್ತಾಸೆ ಕೊಡುವುದಕ್ಕಿಂತ ಅದನ್ನು ಬೀಳಿಸುವ ಸಾಕ್ಷಿಯನ್ನು ಮೊದಲು ಹುಡುಕಬೇಕು ಅನ್ನುವುದು ವಿಶ್ಲೇಷಕರ ಪಾಠ. ಬೋರ್ ಸದ್ಯಕ್ಕೆ ನಿಂತಿದೆ.

ಕೊನೆಯದಾಗಿ, ಧಾರವಾಡದ ಕಡೆಯವರಿಗೆ. ‘ಬಂದೀತು’, ‘ಬಂದಾನು’ ನಮ್ಮ ಮಾತಿನಲ್ಲಿ ಹೆಚ್ಚುಕಡಿಮೆ ಹೋಗಿಬಿಟ್ಟಿವೆ. ‘ಬಿದ್ದೀಯ, ಹುಷಾರು’ ಅನ್ನುವಂಥ ಕಡೆ ಉಳಿದಿರಬೇಕು, ಅಷ್ಟೇ. ನೀವು ‘ಮಳೆ ಬಂದೀತು’ ಅಂದರೆ ಅದು ‘ಬರಬಹುದು’ಗಿಂತ ಜಾಸ್ತಿಯೋ, ಕಡಿಮೆಯೋ?