ಅಕ್ಕನ ಗಂಡ ಅಪೀಲು ಹಾಕಿದ್ದಾನೆ, ಅಕ್ಕ ಮತ್ತೆ ಸಾಕ್ಷಿ ಹೇಳಬೇಕಾ?

ಹಾವೇರಿ ತಂಗಿ:
ಅಕ್ಕನ ಗಂಡ ಹೊಡೆದು ಆಕೆಯ ಬಲಗೈ ಮಣಿಕಟ್ಟು ಮುರಿದಿದ್ದ. ಮೂರು ತಿಂಗಳು ರೊಟ್ಟಿ ಬಡಿಯೋಕೆ ಆಗಲಿಲ್ಲ, ಪಕ್ಕದ ಮನೆ ಕಾಕು ದಿನಾ ಬಡಿದು ಕೊಡುತ್ತಿದ್ದರು, ಕೋರ್ಟಲ್ಲಿ ಸಾಕ್ಷಿ ಹೇಳಿದ್ದೂ ಅವರೇ. ಐದು ವರ್ಷ ಓಡಾಡಿದ ಮೇಲೆ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟು ಐಪಿಸಿ 498ಎ (ಹೆಂಡತಿಗೆ ಕ್ರೌರ್ಯ) ಮತ್ತು 325ರ (ಬೇಕಂತಲೇ ತೀವ್ರ ಗಾಯ) ಅಡಿ ಎರಡು ವರ್ಷ ಶಿಕ್ಷೆ ಕೊಟ್ಟಿತು. ಅವತ್ತೇ ಜಾಮೀನಲ್ಲಿ ಹೊರಗೆ ಬಂದ. ಈಗ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಿ, ಶಿಕ್ಷೆ ರದ್ದಾಯ್ತು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ. ಮತ್ತೆ ಕಟಕಟೆ ಹತ್ತಬೇಕಾ ಅಂತ ಕೇಳುತ್ತಾಳೆ. ಗೊತ್ತಿದ್ದವರು ಹೇಳಿ.

ಧಾರವಾಡದ ವಕೀಲ:
ತಂಗೀ, ಶಿಕ್ಷೆ ರದ್ದಾಗಿಲ್ಲ, ಅಮಾನತಿನಲ್ಲಿದೆ ಅಷ್ಟೇ. ಮೂರು ವರ್ಷದವರೆಗಿನ ಶಿಕ್ಷೆ ಆದರೆ, ಆರೋಪಿ ಜಾಮೀನಿನ ಮೇಲಿದ್ದರೆ, ಅಪೀಲು ಹಾಕೋಕೆ ಟೈಮ್ ಸಿಗಲಿ ಅಂತ ಅದೇ ಕೋರ್ಟು ಸಾಮಾನ್ಯವಾಗಿ ಜಾಮೀನು ಕೊಡುತ್ತದೆ. ಅಪೀಲಿಗೆ 30 ದಿನ ಅವಕಾಶ. ಅವನು ಅಪರಾಧಿ ಅನ್ನೋ ತೀರ್ಪು ಇನ್ನೂ ಹಾಗೇ ಇದೆ. ಅಪೀಲಿನಲ್ಲಿ ಕೇಸು ಮೊದಲಿಂದ ನಡೆಯಲ್ಲ. ಕೆಳಗಿನ ಕೋರ್ಟಿನ ಕಡತ ತರಿಸಿ, ಅಕ್ಕ ಹೇಳಿದ್ದು, ಕಾಕು ಹೇಳಿದ್ದು, ಗಾಯದ ಸರ್ಟಿಫಿಕೇಟ್ ಎಲ್ಲ ಓದಿ, ಎರಡೂ ಕಡೆ ವಾದ ಕೇಳುತ್ತಾರೆ. ಹೊಸ ಸಾಕ್ಷಿ ತೆಗೆದುಕೊಳ್ಳೋದು ತೀರಾ ಅಪರೂಪ. ಆದರೆ ಸುಮ್ನೆ ಮನೇಲಿ ಕೂರಬೇಡಿ. ಸರ್ಕಾರಿ ವಕೀಲರ ಹತ್ತಿರ ಕಡತ ರಾಶಿ ಇರುತ್ತದೆ, ಅವರಿಗೆ ನೆರವಾಗೋಕೆ ಅಕ್ಕ ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಗದಗಿನ ಅಕ್ಕ:
ನಾನು ಇದನ್ನು ದಾಟಿ ಬಂದವಳು. ಅಪೀಲು ಹಾಕಿದ ವಾರಕ್ಕೇ ಹಿರಿಯರು ಬಂದು ಕಟ್ಟೆ ಮೇಲೆ ಕೂತರು, ರಾಜಿ ಆಗವ್ವಾ, ಮಕ್ಕಳ ಮುಖ ನೋಡು ಅಂದರು. ಮಕ್ಕಳ ಮುಖ ನೋಡಿಯೇ ನಾನು ಸಹಿ ಹಾಕಲಿಲ್ಲ. ನಿಮ್ಮ ಮನೆಗೂ ಬರುತ್ತಾರೆ. ವಕೀಲರಿಗೆ ತೋರಿಸದೆ ಯಾವ ಹಾಳೆಗೂ ಸಹಿ ಬೇಡ. ಅವನು ಬಾಗಿಲಿಗೆ ಬಂದು ಹೆದರಿಸಿದರೆ ತಾರೀಖು ಹಾಕಿ ದೂರು ಬರೆದುಕೊಡಿ, ಜಾಮೀನು ರದ್ದು ಮಾಡಿಸೋಕೆ ಅದೇ ಬೇಕಾಗೋದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣಾ ಆದೇಶ ಬೇರೆಯೇ ಸಿಗುತ್ತದೆ, ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು.

ಧಾರವಾಡದ ವಕೀಲ:
ಅಕ್ಕಾರು ಹೇಳಿದ್ದು ಸರಿ. ಇನ್ನೊಂದು ಮಾತು, ಅವನೊಬ್ಬನೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಜಾಸ್ತಿ ಆಗಲ್ಲ. ಉಳಿಯಬಹುದು, ಕಡಿಮೆ ಆಗಬಹುದು, ಬಿಡುಗಡೆಯೂ ಆಗಬಹುದು. ಅಕಸ್ಮಾತ್ ಬಿಟ್ಟರೆ ಅದರ ಮೇಲೆ ಅಪೀಲು ಹೋಗೋ ಹಕ್ಕು ಅಕ್ಕನಿಗೂ ಇದೆ. ಅವನು ಸೋತರೆ ಇಲ್ಲಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿವಿಷನ್ (ತೀರ್ಪು ಸರಿ ಇದೆಯಾ ಪರಿಶೀಲಿಸಿ ಅನ್ನೋ ಅರ್ಜಿ) ಅಂತ ಬರಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಹಾವೇರಿ ತಂಗಿ:
ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಕಟಕಟೆ ಹತ್ತೋದು ಬೇಡ್ವಾ ಅಂತ ಎರಡು ಸಲ ಕೇಳಿದಳು. ತೀರ್ಪಿನ ಪ್ರತಿ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು, ತೆಗೆದು ಚೀಲಕ್ಕೆ ಹಾಕಿದ್ದಾಳೆ. ಸೋಮವಾರ ಹೋಗುತ್ತೇವೆ, ಕಾಕೂನೂ ಬರುತ್ತಾರಂತೆ.