ಅಪ್‌ಡೇಟ್: ದ್ರವ ಸಾರಜನಕದಲ್ಲಿ ಬಿಡುತ್ತಿದ್ದ ಅಂಟು

ಕಾರವಾರದಿಂದ ಮತ್ತೆ. ಹಿಂದೆ ಕೇಳಿದ್ದು ಇಷ್ಟು: 50 ಮಿ.ಮೀ. ವ್ಯಾಸದ ಜಿ-10 ಫೈಬರ್‌ಗ್ಲಾಸ್ (ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ತುಂಬಿ ಮಾಡಿದ್ದು) ಕೊಳವೆಯೊಳಗೆ ಅಲ್ಯೂಮಿನಿಯಂ ಬಳೆಯನ್ನು ಎಪಾಕ್ಸಿಯಿಂದ ಅಂಟಿಸಿದರೆ ದ್ರವ ಸಾರಜನಕದ −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಚಿನಿಂದ ಏಕೆ ಬಿಡುತ್ತದೆ?

ತಪ್ಪು ಅಂಟಿನದ್ದಲ್ಲ, ಬಳೆ ಕೂತ ಜಾಗದ್ದು. ಕೋಣೆಯ ತಾಪದಿಂದ ಅಲ್ಲಿಗೆ ಇಳಿಯುವಾಗ ಅಲ್ಯೂಮಿನಿಯಂ ಸುಮಾರು 0.39% ಕುಗ್ಗುತ್ತದೆ; ಜಿ-10 ಗಾಜಿನ ಬಟ್ಟೆಯ ನೇಯ್ಗೆಯ ದಿಕ್ಕಿನಲ್ಲಿ 0.21% ಮಾತ್ರ. ಈ ವ್ಯಾಸಕ್ಕೆ ವ್ಯತ್ಯಾಸ 0.09 ಮಿ.ಮೀ. ಒಳಗಿನ ಬಳೆ ಕೊಳವೆಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಅಂಟು ಸುಲಿಯುತ್ತದೆ. ಅದೇ ಬಳೆ ಹೊರಗಿದ್ದರೆ ಕುಗ್ಗಿದಷ್ಟೂ ಅಂಟನ್ನು ಅದುಮಿ ಹಿಡಿಯುತ್ತದೆ. ಈಗ ಹೊರಗೆ ಹಾಕಿದ್ದು.

ಬಳೆಯ ತುದಿಯನ್ನು ಲೇಥ್‌ನಲ್ಲಿ ಇಳಿಜಾರಾಗಿ 0.5 ಮಿ.ಮೀ.ವರೆಗೆ ತೆಳುವಾಗಿಸಿದೆ; ದಪ್ಪ ಅಂಚು ಬಗ್ಗುವುದಿಲ್ಲ, ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಅಂಟಿನ ಪದರ 0.15 ಮಿ.ಮೀ. ಅಷ್ಟೇ ದಪ್ಪದ ಗಾಳದ ನೈಲಾನ್ ದಾರದ ಮೂರು ತುಂಡು ಇಟ್ಟರೆ ಸುತ್ತಲೂ ಸಮ ಬರುತ್ತದೆ (ಈ ಊರಲ್ಲಿ ಅದಕ್ಕೇನು ಬರ!). ಸಿಲಿಕಾ ಪುಡಿ ಬೆರೆತ ಎಪಾಕ್ಸಿಯೇ ಬೇಕು, ಬರೀ ಎಪಾಕ್ಸಿ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಹೊರಗೆ ಉಬ್ಬಿದ ಅಂಟನ್ನು ಗಟ್ಟಿಯಾಗುವ ಮೊದಲೇ ಒರೆಸಿ; ಬಿರುಕು ಶುರುವಾಗುವುದೇ ಆ ಗಡ್ಡೆಯಲ್ಲಿ.

ಮಳೆಗಾಲದಲ್ಲಿ ಕೊಳವೆ ತೇವ ಹೀರಿರುತ್ತದೆ, ಮೊದಲು ಓವನ್‌ನಲ್ಲಿ ಒಣಗಿಸಬೇಕು. ಆಮೇಲೆ 120 ನಂಬರ್ ಮರಳು ಕಾಗದ, ಅಸಿಟೋನ್, ತಡಮಾಡದೆ ಅಂಟು.

ನೇರ ಮುಳುಗಿಸದೆ, ದ್ರವದ ಮೇಲಿನ ಆವಿಯಲ್ಲಿ 20 ನಿಮಿಷ ಹಿಡಿದು ಇಳಿಸಿದೆ, ಕಿಟಕಿ ಬಾಗಿಲು ತೆರೆದಿಟ್ಟು. ಹೀಗೆ ತಣಿಸಿ ಮತ್ತೆ ಕೋಣೆಯ ತಾಪಕ್ಕೆ ತಂದ ಹತ್ತು ಸುತ್ತಿನ ನಂತರ ಸೋರಿಕೆ ನೋಡಿದರೆ, ಸೋಪುನೀರಿನಲ್ಲಿ ಗುಳ್ಳೆ ಇಲ್ಲ.